ಒಂದೇ ಡಿಸ್ಕು, ಮೂರು ಸಿಸ್ಟಮ್ಮು

"ಇದನ್ನೆಲ್ಲ ಒಂದೇ ಡಿಸ್ಕ್‌ನಲ್ಲಿ ಹಾಕೋಕೆ ಆಗಲ್ವಾ ರೀ?" ಎಂದು ನಕ್ಷೆಗಾರ ಕೇಳಿದಾಗ ಕಂಪ್ಯೂಟರ್ ರಿಪೇರಿಗೆ ಬಂದಿದ್ದವಳ ಎದೆ ಧಸಕ್ಕೆಂದಿತು.

ನಕ್ಷೆ ಕಚೇರಿಯ ನೆಲಮಾಳಿಗೆಯಲ್ಲಿ ಅವನೊಬ್ಬನೇ ಕೂತು ಕೆಲಸ ಮಾಡುತ್ತಿದ್ದ. ಅಲ್ಲಿ ಮೂರು ಕಾಲದ ಮೂರು ಕಂಪ್ಯೂಟರ್‌ಗಳು. ಒಂದಕ್ಕೆ ಒಗ್ಗಿದ ಆಪರೇಟಿಂಗ್ ಸಿಸ್ಟಮ್ ಇನ್ನೊಂದಕ್ಕೆ ಒಗ್ಗದು. ತಿಂಗಳಿಗೆರಡು ಸಲ ಯಾವುದಾದರೊಂದು ಮುನಿಸಿಕೊಂಡು ಕೂರುತ್ತಿತ್ತು. ಆಗ ರಿಪೇರಿಗೆ ಬರುವವಳು ಇವಳೇ. ಚೀಲದ ತುಂಬ ಡಿಸ್ಕ್ ಹೊತ್ತು ಬರುವ ಇವಳಿಗೆ ಕಚೇರಿಯವರು 'ಡಿಸ್ಕ್ ಮೇಡಂ' ಎಂದೇ ಹೆಸರಿಟ್ಟಿದ್ದರು.

ಸರಿಯಾದ ಡಿಸ್ಕ್ ಹುಡುಕಿ, ಅದು ಓದದಿದ್ದರೆ ಇನ್ನೊಂದು ಹಾಕಿ, ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದುಹೋಗುತ್ತಿತ್ತು. ಆ ನಿಧಾನವೇ ಅವಳಿಗೆ ಇಷ್ಟ. ಬೆನ್ನ ಹಿಂದೆ ಅವನ ಪೆನ್ಸಿಲ್ ಸರಿದಾಡುವ ಸದ್ದು, ನಡುವೆ ಎಲ್ಲೋ ಒಂದು ಮಾತು. ಮನೆಗೆ ಹೋದರೆ ಅದೂ ಇಲ್ಲ.

ಇವನಿಗೂ ನಾನು ಬೇಜಾರಾದೆ ಎಂದುಕೊಂಡಳು. "ಆಗುತ್ತೆ" ಎಂದಷ್ಟೇ ಹೇಳಿ ಹೊರಟಳು.

ಭಾನುವಾರ ಹಟ ಹಿಡಿದು ಕೂತಳು. ಮೂರು ಸಿಸ್ಟಮ್‌ಗಳನ್ನೂ ಬೇರೆ ಬೇರೆ ಫೋಲ್ಡರ್‌ಗೆ ಹಾಕಿ, ಕಂಪ್ಯೂಟರ್ ಆನ್ ಆದ ಕೂಡಲೇ ಯಾವುದು ಬೇಕೆಂದು ಕೇಳುವ ಮೆನು ಬರೆದು, ಎಲ್ಲವನ್ನೂ ಒಂದೇ ಡಿಸ್ಕ್‌ಗೆ ಇಳಿಸಿದಳು. ಮೊದಲನೆಯ ಡಿಸ್ಕ್‌ನಿಂದ ಕಂಪ್ಯೂಟರ್ ಶುರುವಾಗಲೇ ಇಲ್ಲ. ಎರಡನೆಯದರಲ್ಲಿ ಮೆನು ಬಂತು, ಆದರೆ ಮೂರನೇ ಸಿಸ್ಟಮ್ ಆರಿಸಿದರೆ ಪರದೆ ಕಪ್ಪಗೇ ಉಳಿಯಿತು. ನೋಡಿದರೆ, ಫೋಲ್ಡರಿನ ಹೆಸರು ಒಂದಕ್ಷರ ತಪ್ಪಿತ್ತು.

ಅಷ್ಟರಲ್ಲಿ ಅಕ್ಕನ ಫೋನ್.

"ಒಬ್ಳೇ ಏನೇ ಮಾಡ್ತಿದ್ದೀಯ?"

"ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೋತಿದ್ದೀನಿ ಅಕ್ಕ. ಈ ಡಿಸ್ಕ್ ಸರಿಹೋದ್ರೆ ಆ ನಕ್ಷೆಯವರ ಹತ್ರ ನಂಗೆ ಹತ್ತೇ ನಿಮಿಷದ ಕೆಲಸ."

"ಹಾಗಾದ್ರೆ ಸರಿ ಮಾಡ್ಬೇಡ. ಆಗ್ಲಿಲ್ಲ ಅನ್ನು."

"ಸುಳ್ಳು ಹೇಳೋಕೆ ಬರಲ್ವಲ್ಲ ನಂಗೆ."

ಮೂರನೇ ಡಿಸ್ಕ್ ಮೂರು ಸಿಸ್ಟಮ್‌ಗಳನ್ನೂ ಒಂದೂ ತಪ್ಪದೆ ತೆರೆಯಿತು. ಅವಳು ಕಣ್ಣೊರೆಸಿಕೊಂಡು, ಡಿಸ್ಕನ್ನು ಕವರಿಗೆ ಹಾಕಿದಳು.

ಮುಂದಿನ ವಾರ ಕಚೇರಿಯಿಂದ ಕರೆ ಬಂತು. ಹೋದಳು. ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು.

"ಇದು ಇಲ್ಲೇ ಇರ್ಲಿ" ಎಂದು ಡಿಸ್ಕನ್ನು ಅವನ ಮೇಜಿನ ಮೇಲಿಟ್ಟಳು. "ಏನಾದ್ರೂ ಆದ್ರೆ ನೀವೇ ಹಾಕ್ಕೋಬಹುದು. ಇನ್ಮೇಲೆ ನನ್ನನ್ನ ಸಹಿಸ್ಕೋಬೇಕಿಲ್ಲ."

"ಸಹಿಸ್ಕೊಳ್ಳೋದಾ?" ಅವನು ಪೆನ್ಸಿಲ್ ಕೆಳಗಿಟ್ಟ. ಕಿವಿ ಕೆಂಪಾಗಿತ್ತು. "ನಿಮ್ಮ ಕೆಲಸ ಬೇಗ ಮುಗೀಲಿ ಅಂತ ಕೇಳಿದ್ದು ರೀ. ಎರಡು ವರ್ಷದಿಂದ ಬರ್ತಿದ್ದೀರಿ. ಬಂದವರು ಆ ಪರದೆ ಕಡೆ ತಿರುಗಿ ಕೂತ್ರೆ ಮುಗೀತು. ನಾನು ನೋಡಿರೋದು ಬರೀ ನಿಮ್ಮ ಬೆನ್ನು."

ಅವಳು ಹೆಗಲ ಮೇಲಿನ ಚೀಲ ಇಳಿಸಿದಳು.

ಅವನು ಎದುರಿನ ಕುರ್ಚಿಯ ಮೇಲಿದ್ದ ನಕ್ಷೆಯ ಸುರುಳಿಗಳನ್ನು ಎತ್ತಿ ನೆಲಕ್ಕಿಟ್ಟ. ಅವಳು ಕೂತಳು. ಅವನ ಎಡಗಣ್ಣಿನ ಕೆಳಗೊಂದು ಸಣ್ಣ ಮಚ್ಚೆಯಿತ್ತು. ಇಷ್ಟು ದಿನ ಅದೂ ಗೊತ್ತಿರಲಿಲ್ಲ.

"ನಂಗೆ ಹೆಚ್ಚು ಮಾತಾಡಿ ಅಭ್ಯಾಸ ಇಲ್ಲ" ಎಂದಳು.

"ನಂಗೂ ಇಲ್ಲ. ಸುಮ್ನೆ ಕೂತಿರೋಣ."

"ಎಷ್ಟು ಹೊತ್ತು?"

ಅವನು ಗೋಡೆ ಗಡಿಯಾರ ನೋಡಿದ. "ಐದಕ್ಕೆ ಬಾಗಿಲು ಹಾಕ್ತಾರೆ. ಅಲ್ಲೀವರೆಗೆ ಇಲ್ಲಿ. ಆಮೇಲೆ ಬೇರೆ ಎಲ್ಲಾದ್ರೂ."