ಕರಿ ನೂಲಿನ ಕಾಯಿ

"ಕೈ ತೆಗಿ! ತೆಗಿ ಅಂದೆ ಕೈನ!"

"ತೆಗಿಯಲ್ಲ. ಏನ್ ಮಾಡ್ತೀರ?"

"ಅದೊಂದನ್ನ ಬಿಟ್ಟು ಏನ್ ಬೇಕಾದ್ರೂ ಮುಟ್ಟು ಅಂದಿದ್ದೆ ತಾನೆ? ಕಿವೀಲಿ ಏನಿಟ್ಕೊಂಡಿದ್ದೆ ಆಗ?"

ಟೈಲರ್ ಅಕ್ಕನ ಅಂಗಡಿಯ ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಹಾಡಹಗಲಿನಲ್ಲೂ ಹೊಲಿಗೆ ಯಂತ್ರದ ಮೇಲೆ ಬಗ್ಗಿ ನಿಂತ ದೀಪವೇ ಗತಿ. ಆ ದೀಪದ ಕೆಳಗೆ ಬಟ್ಟೆ ಕತ್ತರಿಸುವ ಮೇಜು. ಮೇಜಿನ ಮೇಲೆ ರಟ್ಟಿನಲ್ಲಿ ಮಾಡಿದ ಒಂದು ಮನೆ. ಅದರ ಮುಂದೆ ಆಟದ ಕಾಯಿಗಳು: ನೂಲು ಮುಗಿದ ಮರದ ರೀಲುಗಳಿಗೆ ತಲೆಯ ಜಾಗದಲ್ಲಿ ಒಂದೊಂದು ಅಂಗಿ ಗುಂಡಿ ಅಂಟಿಸಿದಂಥವು. ಲಿಫ್ಟ್ ರಿಪೇರಿಯ ಲಿಫ್ಟಪ್ಪನ ಮುಷ್ಟಿಯಲ್ಲಿದ್ದದ್ದು ಮಾತ್ರ ಮನೆಯ ಒಳಗೆ ನಿಲ್ಲಿಸಿದ್ದ ಕಾಯಿ. ಅದಕ್ಕೆ ತಲೆಯಿಂದ ಬುಡದವರೆಗೆ ಕರಿ ನೂಲು ಬಿಗಿದು ಸುತ್ತಿತ್ತು. ಎದೆಯಿರಬೇಕಾದಲ್ಲಿ ಒಂದು ಸೂಜಿ.

"ತಿಂಗಳಾನುಗಟ್ಟಲೆಯಿಂದ ಗೋಡೆಗೊರಗಿ ನಿಮ್ಮ ಆಟ ನೋಡ್ತಾ ಕೂತಿದೀನಿ. ನನಗೊಂದು ಕಾಯಿ ಮಾಡಿಕೊಡೋಕೆ ನಿಮಗೆ ಕೈ ಬರಲಿಲ್ಲ. ಇದು ನೋಡಿದ್ರೆ ಸುಮ್ನೆ ಧೂಳು ತಿಂತಾ ನಿಂತಿದೆ," ಎಂದ ಲಿಫ್ಟಪ್ಪ. ಅವನ ಕಿವಿ ಕೆಂಪಾಗಿತ್ತು.

"ಅದು ನನ್ನ ತಮ್ಮಂದು," ಎಂದಳು ಅಕ್ಕ.

"ಎಲ್ಲಿ ತಮ್ಮ? ಕರೀರಿ. ಬಂದು ಕೇಳ್ಲಿ, ಕೊಡ್ತೀನಿ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಉತ್ತರ ಕೊಟ್ಟವನು ಪಕ್ಕದ ಔಷಧಿ ಅಂಗಡಿಯ ಕಾಂಪೌಂಡರ್. ನರೆಗೂದಲಿನ ಮನುಷ್ಯ, ಈ ಮೇಜಿನ ಹಳೆಯ ಆಟಗಾರ. ಪಾಠ ಒಪ್ಪಿಸುವವನ ಹಾಗೆ, ಯಾರ ಮುಖವನ್ನೂ ನೋಡದೆ ಹೇಳಿದ.

"ಈ ರಟ್ಟಿನ ಮನೇಲಿ ಅದು ಇದೆಯಪ್ಪ. ಅದಕ್ಕೆ ಹೆಸರಿಲ್ಲ. ಒಳಬಾಗಿಲ ಹಿಂದಿಂದ, ನಮಗೆ ಯಾರು ಬೇಕೋ ಅವರ ಧ್ವನೀಲಿ ಕರಿಯುತ್ತೆ. ಒಬ್ಬರು ಬಾಗಿಲು ಒತ್ತಿ ಹಿಡೀಬೇಕು, ಉಳಿದೋರು ಓಡಬೇಕು. ಅದು ಆಟ. ಅವತ್ತು ಇವಳ ತಮ್ಮ ಹಿಡಿದ. ನಾವು ಓಡಿದ್ವಿ. ಅವನನ್ನ ಬಿಡಿಸೋಕೆ ತಿರುಗಿ ಹೋಗಲಿಲ್ಲ."

"ಆಟ ತಾನೆ?"

"ನಾವೂ ಹಾಗೇ ಅಂದ್ವಿ. ಅವನಿಗೆ ಹೊಟ್ಟೆ ಉರೀತು. ಸ್ವಂತ ಅಕ್ಕನೇ ಬಿಟ್ಟು ಓಡಿದಳಲ್ಲ ಅಂತ. ಎಲ್ಲೋ ಹೋಗಿ ಮಾಟ ಕಲಿತು ಬಂದ. ಅಕ್ಕನ್ನ ಆ ಬಾಗಿಲಿಗೆ ಕಟ್ಟಿಹಾಕ್ತೀನಿ ಅಂತ, ಮನೇಲಿದ್ದ ಬಾಚಣಿಗೆಯಿಂದ ಕೂದಲು ತಗೊಂಡು ಈ ನೂಲಿನ ಕೆಳಗೆ ಸುತ್ತಿದ. ಅವರು ವಾಸವಿದ್ದ ಮನೇಲಿ ಅಕ್ಕನಿಗೂ ತಮ್ಮನಿಗೂ ಇದ್ದದ್ದು ಒಂದೇ ಬಾಚಣಿಗೆ."

ಕೋಣೆಯಲ್ಲಿ ಯಂತ್ರದ ಎಣ್ಣೆಯ ವಾಸನೆ ಇದ್ದಕ್ಕಿದ್ದಂತೆ ದಟ್ಟವಾಯಿತು.

"ಯಾರ ಕೂದಲು ಬಂತು ಅಂತ ಅವನು ನೋಡಲಿಲ್ಲ. ಸೂಜಿ ಚುಚ್ಚಿದ, ಬೈದ, ಎದ್ದು ಹೋದ. ಅಷ್ಟೇ. ಆಮೇಲೆ ಅವನನ್ನ ಕಂಡೋರಿಲ್ಲ. ಈ ನೂಲು ಯಾರು ಬಿಚ್ತಾರೋ ಅವರು ಒಳಗೆ, ಅವನು ಹೊರಗೆ. ಬಿಚ್ಚಬೇಡಪ್ಪ. ಕೈ ಮುಗಿದು ಹೇಳ್ತೀನಿ, ಬಿಚ್ಚಬೇಡ."

ಲಿಫ್ಟಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನೊಂದು ಬಾಚಣಿಗೆ ತಂದಿದ್ರೆ ಮುಗೀತಿತ್ತಲ್ರೀ! ಅಲ್ಲ, ಅದು ನನ್ನನ್ನ ಕರೆಯೋಕೆ ಯಾರ ಧ್ವನಿ ತರುತ್ತೆ? ನಮ್ಮ ಸೂಪರ್‌ವೈಸರ್‌ದಾ? ಜನಾನ ಮೇಲೆ ಕಳಿಸೋದೇ ನನ್ನ ಕಸುಬು ಸ್ವಾಮಿ. ನನಗೆ ಹೇಳ್ತೀರಾ ಮಾಟದ ಕತೆ?"

ಕಾಯಿಯನ್ನು ಅಂಗಿ ಜೇಬಿಗೆ ತುರುಕಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಹಿಂದಿನಿಂದ ಅಕ್ಕ ಕೂಗುತ್ತಾಳೆ, ಓಡಿಬಂದು ಕಿತ್ತುಕೊಳ್ಳುತ್ತಾಳೆ ಎಂದು ರಸ್ತೆಯ ತಿರುವಿನವರೆಗೂ ಕಾದ. ಯಾರೂ ಬರಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು.

ಅವನು ಲಿಫ್ಟ್ ರಿಪೇರಿಯವನು. ಕಂಪನಿ ಈ ಊರಿಗೆ ಕಳಿಸಿತ್ತು, ಬಂದಿದ್ದ. ಗ್ಯಾರೇಜಿನ ಮೇಲೊಂದು ಕೋಣೆ, ಒಂದು ಚಾಪೆ, ಒಂದು ತಟ್ಟೆ. ದಿನವಿಡೀ ನೂರಾರು ಜನರನ್ನು ಹೊತ್ತು ಏರಿಳಿಯುವ ಪೆಟ್ಟಿಗೆಗಳ ನಡುವೆ ಕೆಲಸ, ಆದರೆ ಅವನೊಂದಿಗೆ ಮಾತಾಡುತ್ತಿದ್ದವರು ಕೇಳುತ್ತಿದ್ದದ್ದು ಒಂದೇ, "ಎಷ್ಟೊತ್ತಿಗೆ ಸರಿಹೋಗುತ್ತೆ?" ಹರಿದ ಜೇಬು ಹೊಲಿಸಲು ಅಕ್ಕನ ಅಂಗಡಿಗೆ ಹೋದಾಗ ಅವಳು ತಲೆಯೆತ್ತಿ ಬೇರೆಯದನ್ನೇ ಕೇಳಿದ್ದಳು.

"ಊಟ ಆಯ್ತಾ?"

ಆ ಮಾತನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ. ಆಯ್ತು ಎಂದು ಸುಳ್ಳು ಹೇಳಿದ್ದ.

"ಮನೇಲಿ ಯಾರ್ಯಾರಿದಾರೆ?"

"ಯಾರೂ ಇಲ್ಲ."

"ಹುಡುಕಿಕೊಂಡು ಬರೋರು?"

"ನಾನು ಸತ್ರೆ ಕಂಪನಿಯೋರು ಬರಬಹುದು, ಸ್ಪ್ಯಾನರ್ ವಾಪಸ್ ಕೇಳೋಕೆ."

ಅಕ್ಕ ನಕ್ಕಿದ್ದಳು. ಭಾನುವಾರ ಮಧ್ಯಾಹ್ನ ಬಾ ಲಿಫ್ಟಪ್ಪಾ, ನಾವು ಕತೆಯಾಟ ಆಡ್ತೀವಿ ಎಂದಿದ್ದಳು. ಆ ಹೆಸರು ಅವಳಿಟ್ಟದ್ದೇ. ಆಟದಲ್ಲಿ ಅಕ್ಕ ಕತೆ ಹೇಳುವವಳು. ಉಳಿದವರು ಕತೆಯೊಳಗೆ ಒಬ್ಬೊಬ್ಬರಾಗಿ, ನಾನು ಹೀಗೆ ಮಾಡಿದೆ, ಹಾಗೆ ಹೋದೆ ಎಂದು ಹೇಳುತ್ತ ದಾಳ ಉರುಳಿಸಬೇಕು. ಒಂದು ಸಲ ಹಡಗಿನಲ್ಲಿ ಹಬ್ಬಿದ ರೋಗ, ಒಂದು ಸಲ ಮನುಷ್ಯರು ಮೃಗವಾಗುವ ಕಾಡು, ಒಂದು ಸಲ ಹೆಣಗಳು ಏಳುವ ಆಸ್ಪತ್ರೆ. ಅಕ್ಕ ಹೇಳುತ್ತಿದ್ದರೆ ಬೆನ್ನಿನ ಮೇಲೆ ತಣ್ಣಗೆ ಯಾರೋ ಬೆರಳಾಡಿಸಿದಂತಾಗುತ್ತಿತ್ತು. ಲಿಫ್ಟಪ್ಪನಿಗೆ ಭಯ ಬೇಕಿರಲಿಲ್ಲ. ಆ ಮೇಜಿನ ಸುತ್ತ ಒಂದು ಕುರ್ಚಿ ಬೇಕಿತ್ತು. ಅವರು ಕೊಟ್ಟದ್ದು ಗೋಡೆ.

ಕಾಯಿ ಹೊತ್ತು ತಂದ ದಿನ ಸಂಜೆ ಕೋಣೆಯಲ್ಲಿ ಕೂತು ಹಟಕ್ಕೆ ಬಿದ್ದು ಅದರ ಸೂಜಿ ಕಿತ್ತ. ನೂಲಿನ ತುದಿಯನ್ನು ಹಲ್ಲಿನಿಂದ ಎಳೆದ. ಬಿಚ್ಚಿದ. ಬಿಚ್ಚಿದಷ್ಟೂ ಬಂತು. ಒದ್ದೆ ಉಣ್ಣೆಯ ವಾಸನೆ, ಆಮೇಲೆ ಸುಟ್ಟ ಕೂದಲಿನ ವಾಸನೆ. ಕೊನೆಗೆ ಮರಕ್ಕೆ ಅಂಟಿದ ಒಂದು ಹಿಡಿ ಕೂದಲು ಬೆಕ್ಕಿನ ಮರಿಯ ಹಾಗೆ ಬೆಚ್ಚಗೆ ಅವನ ಅಂಗೈಗೆ ಬಿತ್ತು. ಹೌಹಾರಿ ಒದರಿ ಹಾಕಿದ. ಏನೂ ಆಗಲಿಲ್ಲ. ಗಹಗಹಿಸಿ ನಕ್ಕ. ಖಾಲಿ ಕೋಣೆಯಲ್ಲಿ ನಗು ಗೋಡೆಗೆ ತಾಗಿ ವಾಪಸು ಬರಬೇಕು. ಬರಲಿಲ್ಲ.

ಬೆಳಿಗ್ಗೆ ಚಹಾದಂಗಡಿಯವನಿಗೆ ಒಂದು ಚಹಾ ಎಂದ. ಅವನು ಲಿಫ್ಟಪ್ಪನ ಭುಜದ ಮೇಲಿನಿಂದ ಹಿಂದಿನವನಿಗೆ ಲೋಟ ಚಾಚಿದ. "ಏನಯ್ಯಾ, ಕಣ್ಣು ಕಾಣಲ್ವಾ?" ಎಂದು ರೇಗಿದ ಲಿಫ್ಟಪ್ಪ. ಅಂಗಡಿಯವನು ನೊಣ ಓಡಿಸಿದ. ದಿನಾ ಅವನನ್ನು ಕಂಡು ಬೊಗಳಿ ಪ್ರಾಣ ತಿನ್ನುತ್ತಿದ್ದ ಗ್ಯಾರೇಜಿನ ನಾಯಿ ಕಾಲಡಿಯಲ್ಲೇ ಮಲಗಿತ್ತು, ಕಿವಿಯನ್ನೂ ನಿಮಿರಿಸಲಿಲ್ಲ. ಜನಕ್ಕೆ ಸೊಕ್ಕು ಬಂದಿದೆ ಎಂದುಕೊಂಡ. ನಾಯಿಗೂ ಬಂದಿದೆಯಾ ಎಂದು ಮಾತ್ರ ಯೋಚಿಸಲಿಲ್ಲ.

ಮಧ್ಯಾಹ್ನ ಒಂದು ಹಳೆಯ ಕಟ್ಟಡದ ಕೆಲಸ. ಮೇನ್ ಸ್ವಿಚ್ ಆರಿಸಿ, 'ಕೆಲಸ ನಡೆಯುತ್ತಿದೆ' ಎಂಬ ಫಲಕ ತೂಗುಹಾಕಿ, ಲಿಫ್ಟ್ ಓಡಾಡುವ ಬಾವಿಯ ಬುಡಕ್ಕೆ ಏಣಿಯಿಂದ ಇಳಿದ. ಹೊರಗೆ ಸುಡು ಬಿಸಿಲು. ಒಳಗೆ ಕತ್ತಲೆ, ಗ್ರೀಸಿನ ಜಿಡ್ಡು, ಯಾವ ಕಾಲದ್ದೋ ನಿಂತ ನೀರು. ಮೇಲೆ ಕಾವಲುಗಾರನ ಹೆಜ್ಜೆ ಕೇಳಿಸಿತು. ಅವನು ಏಣಿ ಎಳೆದುಕೊಂಡ.

"ಏಯ್! ಒಳಗಿದೀನಿ!"

ಕಾವಲುಗಾರ ಬಗ್ಗಿ ನೋಡಿದ. ನೇರವಾಗಿ ಅವನ ಮುಖವನ್ನೇ ನೋಡಿದ. "ಯಾರೂ ಇಲ್ಲ, ಫಲಕ ಮರೆತು ಹೋಗಿದಾನೆ ಅನ್ಸುತ್ತೆ," ಎಂದು ಯಾರಿಗೋ ಹೇಳಿ ಬಾಗಿಲು ಮುಚ್ಚಿದ.

ಕತ್ತಲೆ ತುಂಬಿತು.

ಮೇಲೆಲ್ಲೋ ಸ್ವಿಚ್ಚು ಟಕ್ ಎಂದಿತು. ಹಗ್ಗಗಳು ಮಿಡಿದವು. ಪೆಟ್ಟಿಗೆ ಇಳಿಯತೊಡಗಿತು. ಲಿಫ್ಟಪ್ಪ ಬುಡದಲ್ಲಿದ್ದ, ಲಿಫ್ಟ್ ನಿಲ್ಲಿಸುವ ಕೆಂಪು ಸ್ವಿಚ್ ಒತ್ತಿದ. ಬೆರಳಿಗೆ ಸ್ವಿಚ್ ಸಿಕ್ಕಿತು, ಸ್ವಿಚ್ಚಿಗೆ ಬೆರಳು ಸಿಗಲಿಲ್ಲ. ಮತ್ತೆ ಒತ್ತಿದ. ಗುದ್ದಿದ. ಕೂಗಿದ. ನೆತ್ತಿಯ ಮೇಲೆ ಗಾಳಿ ಬಿಸಿಯಾಯಿತು. ಗೋಡೆಗೆ ಬೆನ್ನೊತ್ತಿದ. ಗೋಡೆ ಸರಿಯಿತು. ಬಾಗಿಲು. ಲಿಫ್ಟಿನ ಬುಡದಲ್ಲಿ ಅಂಥ ಬಾಗಿಲಿರುವುದಿಲ್ಲ. ಅವನಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಆದರೂ ನುಗ್ಗಿದ.

ಒಳಗೆ ಅಂಟಿನ ವಾಸನೆ. ರಟ್ಟಿನ ವಾಸನೆ. ಅವನು ಬಂದ ದಾರಿ ಮುಚ್ಚಿಹೋಗಿತ್ತು. ಬಲಕ್ಕೆ ಇನ್ನೊಂದು ಬಾಗಿಲು ನಿಧಾನವಾಗಿ ಅವನತ್ತ ತೆರೆದುಕೊಳ್ಳುತ್ತಿತ್ತು. ಆಚೆಯಿಂದ ಏನೋ ತಳ್ಳುತ್ತಿತ್ತು. ಏನೋ ಉಸಿರಾಡುತ್ತಿತ್ತು. ಲಿಫ್ಟಪ್ಪ ಯೋಚಿಸಲಿಲ್ಲ. ಬೆನ್ನು ಕೊಟ್ಟ. ಕಾಲು ಊರಿದ. ಒತ್ತಿದ. ಬಾಗಿಲು ಮುಚ್ಚಿತು. ಕಾಲು ಸಡಿಲಿಸಿದರೆ ಮತ್ತೆ ಕೂದಲೆಳೆಯಷ್ಟು ತೆರೆಯಿತು. ಮತ್ತೆ ಒತ್ತಿದ.

ಎದುರಿನ ಗೋಡೆಯಲ್ಲಿ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಕಿಟಕಿ. ಅದರಾಚೆ, ಆಕಾಶದಷ್ಟು ದೊಡ್ಡದಾಗಿ, ಹೊಲಿಗೆ ಯಂತ್ರದ ಬಗ್ಗಿದ ದೀಪ.

ದೀಪದ ಕೆಳಗೆ ಅಕ್ಕ ಒಬ್ಬನ ತಲೆಯನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು. ಗಡ್ಡ ಬೆಳೆದ, ಕೆನ್ನೆ ಬತ್ತಿದ ಮನುಷ್ಯ. ಅವಳದೇ ಮೂಗು, ಅವಳದೇ ಹಣೆ. ತಮ್ಮ.

"ಬಂದೆಯಲ್ಲೋ. ಬಂದೆಯಲ್ಲೋ ನನ್ನಪ್ಪಾ. ಚಹಾ ಕುಡಿ."

ತಮ್ಮ ಲೋಟ ಮುಟ್ಟಲಿಲ್ಲ. ರಟ್ಟಿನ ಮನೆಯನ್ನೇ ನೋಡುತ್ತಿದ್ದ. ಒಳಗೆ ಖಾಲಿಯಾಗಿರಬೇಕಿದ್ದ ಜಾಗದಲ್ಲಿ ಒಂದು ಕಾಯಿ ನಿಂತಿತ್ತು. ಈ ಸಲ ನೀಲಿ ನೂಲು, ಲಿಫ್ಟ್ ಕಂಪನಿಯ ಅಂಗಿಯ ನೀಲಿ.

"ಯಾರದು?" ಎಂದ ತಮ್ಮ.

ಅಕ್ಕ ಮೂಗೊರೆಸಿಕೊಂಡಳು. "ಯಾರೋ ಒಬ್ಬ."

"ಯಾರೋ ಒಬ್ಬ ತಾನಾಗೇ ಬಿಚ್ಚಿದನಾ?"

"ಬೇಡ ಬೇಡ ಅಂತ ಎಷ್ಟು ಹೇಳಿದೆ, ಬೇಕಾದ್ರೆ ಇವರನ್ನ ಕೇಳು."

ಮೂಲೆಯಲ್ಲಿದ್ದ ಕಾಂಪೌಂಡರ್ ತಲೆ ತಗ್ಗಿಸಿಯೇ ಇದ್ದ. "ನನ್ನನ್ನ ಯಾಕಮ್ಮ ಸಾಕ್ಷಿಗೆ ಎಳೀತೀಯ? ನೀನು ಹೇಳಿಕೊಟ್ಟಿದ್ದನ್ನೇ ನಾನು ಒಪ್ಪಿಸಿದ್ದು. ಬೇಡ ಅಂದಷ್ಟೂ ಮಾಡೋ ಮುಂಗೋಪಿ ಅಂತ ನೋಡೀನೇ ತಾನೆ ಅವನನ್ನ ಕರೆದದ್ದು? ಅವನಿಗೆ ಕಾಯಿ ಮಾಡಿಕೊಡದೆ ಗೋಡೆಗೆ ಕೂರಿಸಿದ್ದೂ ಅದಕ್ಕೇ ತಾನೆ?"

ಕಿಟಕಿಯೊಳಗೆ ಅಷ್ಟು ಹೊತ್ತೂ ಅರಚುತ್ತಿದ್ದ ಲಿಫ್ಟಪ್ಪನ ಕೂಗು ನಿಂತುಹೋಯಿತು.

"ಮನೇಲಿ ಯಾರಿದಾರೆ ಅವನಿಗೆ?" ಎಂದ ತಮ್ಮ.

"ಯಾರೂ ಇಲ್ಲ."

"ಹೂಂ."

"ಅದಕ್ಕೇ," ಎಂದಳು ಅಕ್ಕ.

ತಮ್ಮ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ನಾನು ನಿನಗೆ ಅಂತ ಮಾಡಿದ ಕೇಡು ನನಗೇ ತಟ್ಟಿತು. ಸರಿ, ನನ್ನ ಯೋಗ್ಯತೆಗೆ ಅದೇ. ಅವನೇನು ಮಾಡಿದ್ದ ನಿನಗೆ?"

"ನಿನ್ನನ್ನ ಅಲ್ಲೇ ಕೊಳೆಯೋಕೆ ಬಿಡಬೇಕಿತ್ತಾ? ಒಡಹುಟ್ಟಿದೋಳು ನಾನು!"

"ಒಡಹುಟ್ಟಿದೋಳು! ಈ ನೂಲು ನಿನ್ನ ಕಣ್ಣ ಮುಂದೇನೇ ಇತ್ತಲ್ಲ. ಕತ್ತರಿ ಕೈಲೇ ಇತ್ತಲ್ಲ. ನೀನೇ ಬಿಚ್ಚಬಹುದಿತ್ತಲ್ಲಕ್ಕಾ?"

ಅಕ್ಕ ಮೇಜಿನ ಮೇಲಿದ್ದ ಕತ್ತರಿಯನ್ನು ಸೆರಗಿನಡಿಗೆ ಸರಿಸಿಕೊಂಡಳು. ಯಂತ್ರದ ದೀಪ ಜುಂಯ್ ಎನ್ನುತ್ತಿತ್ತು.

ತಮ್ಮ ಮೇಜಿನ ಮೇಲೆ ಬಗ್ಗಿದ. ಅವನ ಕಣ್ಣು ಕಿಟಕಿಯ ತುಂಬ ಬಂತು. ಲಿಫ್ಟಪ್ಪ ಮತ್ತೆ ಅರಚಿದ: ತೆಗಿ, ನನ್ನನ್ನ ಹೊರಗೆ ತೆಗಿ, ನಿನ್ನ ಕಾಲಿಗೆ ಬೀಳ್ತೀನಿ. ಆ ಕಣ್ಣು ಮಿಟುಕಿತು. ತಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು. ಒಂದು ಬೆರಳು ನೀಲಿ ನೂಲಿನ ತುದಿಯವರೆಗೆ ಬಂತು. ಅಲ್ಲೇ ನಿಂತಿತು. ಹಿಂದಕ್ಕೆ ಹೋಯಿತು.

"ಆಗಲ್ಲ ಕಣಯ್ಯಾ," ಎಂದ ಮೆಲ್ಲಗೆ. "ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ಒಂದು ಮಾತು ಹೇಳ್ತೀನಿ, ಕೇಳಿಸ್ಕೋ. ಬಾಗಿಲ ಹಿಂದಿಂದ ನನ್ನಕ್ಕನ ಧ್ವನೀಲಿ ಕರಿಯುತ್ತೆ. ತೆಗೀಬೇಡ. ಅದು ಅಕ್ಕ ಅಲ್ಲ."

ನೆಟ್ಟಗಾಗಿ ಎದುರಿಗಿದ್ದವಳನ್ನು ನೋಡಿದ.

"ಇವಳೂ ಅಲ್ಲ."

ಅಂಗಡಿಯ ಬಾಗಿಲಿಗೆ ಕಟ್ಟಿದ ಗಂಟೆ ಒಮ್ಮೆ ಅಲ್ಲಾಡಿತು. ಬಿಸಿಲು ಒಳಗೆ ಬಂದು ಹೋಯಿತು. ಅಕ್ಕ ತಮ್ಮನ ಹಿಂದೆ ಓಡಿದಳು, ರಸ್ತೆಯಲ್ಲಿ ನಿಂತು ಕೂಗಿದಳು, ಒಬ್ಬಳೇ ವಾಪಸು ಬಂದಳು. ಲೋಟದ ಮೇಲೆ ತಟ್ಟೆ ಮುಚ್ಚಿದಳು. ಬರ್ತಾನೆ, ಸಿಟ್ಟಿಳಿದ ಮೇಲೆ ಬರ್ತಾನೆ ಎಂದಳು. ಕಾಂಪೌಂಡರ್ ಎದ್ದು ಹೋದ. ಅವಳು ದೀಪ ಆರಿಸಿದಳು.

ಕಿಟಕಿಯೂ ಕತ್ತಲಾಯಿತು.

ಲಿಫ್ಟಪ್ಪ ಬೆನ್ನೊತ್ತಿ ನಿಂತಿದ್ದ. ಬಾಗಿಲಾಚೆಯ ಉಸಿರು ನಿಂತಿತು. ತಳ್ಳುವುದೂ ನಿಂತಿತು. ಆಮೇಲೆ ಕಿವಿಯ ಹತ್ತಿರ, ಹಲಗೆಯಷ್ಟೇ ದೂರದಲ್ಲಿ, ಹೊಲಿಗೆಯಿಂದ ತಲೆಯೆತ್ತಿ ಕೇಳಿದಷ್ಟು ಅಕ್ಕರೆಯಿಂದ ಆ ಧ್ವನಿ ಬಂತು.

"ಲಿಫ್ಟಪ್ಪಾ, ಊಟ ಆಯ್ತಾ?"

ಅವನು ಕಣ್ಣು ಮುಚ್ಚಿದ. ಹಲ್ಲು ಕಚ್ಚಿದ. ಹೊರಗಿನ ಗಂಟೆಗೆ ಕಿವಿಗೊಟ್ಟ. ಗಂಟೆ ಅಲ್ಲಾಡಲಿಲ್ಲ. ಹೋದವನು ತಿರುಗಿ ಬರಲಿಲ್ಲ.