ಏಳನೇ ತರಗತಿಯ ನಾಲ್ಕು ಕುರ್ಚಿಗಳು

"ಆ ನಾಲ್ಕು ಕುರ್ಚಿ ಖಾಲಿ ಬಿಡಿ ಅಂತ ಹೋದ ಸಲಾನೇ ಹೇಳಿದ್ನಲ್ಲ," ಅಂದ ಕ್ಯಾಲ್ವಿನ್.

"ಕೇಳಿಸ್ಕೊಂಡೆ," ಅಂದಳು ಲವೋನ್. "ಆದ್ರೂ ತುಂಬಿಸಿದೆ."

ಮೆಂಫಿಸ್‌ನ ಆ ಚಾರ್ಟರ್ ಶಾಲೆಗೆ, ಅಂದರೆ ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗೆ, ಅವಳು ಪ್ರಿನ್ಸಿಪಾಲ್. ಅವನು ಶಾಲೆಗೆ ಅನುದಾನ ಕೊಡುವ ಪ್ರತಿಷ್ಠಾನದ ಅಧಿಕಾರಿ. ಮೂರು ವರ್ಷದ ಅನುದಾನ ಮುಗಿಯುತ್ತಿತ್ತು. ಮುಂದುವರಿಯಬೇಕೆಂದರೆ ಪರೀಕ್ಷೆಯ ಸರಾಸರಿ ಇಳಿಯಬಾರದು. ನಡುವೆ ಬಿಟ್ಟುಹೋದ ಮಕ್ಕಳ ಜಾಗವನ್ನು ಖಾಲಿ ಇಟ್ಟರೆ ಸರಾಸರಿ ತಾನಾಗಿ ಉಳಿಯುತ್ತದೆ. ಜಾಣ ಶಾಲೆಗಳು ಹಾಗೇ ಮಾಡುತ್ತವೆ. ಲವೋನ್ ಮಾತ್ರ ಕಾಯುವವರ ಪಟ್ಟಿಯಿಂದ ನಾಲ್ವರನ್ನು ಕರೆದು ಕೂರಿಸಿದ್ದಳು. ಅವರಿಗೆ ಸರಿಯಾಗಿ ಓದಲೂ ಬರುತ್ತಿರಲಿಲ್ಲ. ಸರಾಸರಿ ಬಿತ್ತು. ಈಗ ಅನುದಾನ ನಿಂತರೆ ಅವರಿಗೆ ಓದು ಕಲಿಸುವ ಮೇಷ್ಟ್ರೂ ಹೋಗುತ್ತಾರೆ.

ಕ್ಯಾಲ್ವಿನ್ ಕನ್ನಡಕ ತೆಗೆದು ಟೈ ತುದಿಯಲ್ಲಿ ಒರೆಸತೊಡಗಿದ. ಏನೋ ಮುಚ್ಚಿಡುವಾಗ ಅವನು ಹೀಗೇ ಮಾಡುತ್ತಾನೆಂದು ಮೂರು ವರ್ಷದಲ್ಲಿ ಅವಳಿಗೆ ಗೊತ್ತಾಗಿತ್ತು. ಕ್ಯಾಂಟೀನಿನ ಹಣ್ಣಿನ ಸಿಹಿತಿಂಡಿ ಪೀಚ್ ಕಾಬ್ಲರ್‌ನಲ್ಲಿ ಮೇಲಿನ ಗರಿಗರಿ ಪದರವನ್ನೇ ಮೊದಲು ತಿನ್ನುತ್ತಾನೆ ಎನ್ನುವುದೂ ಗೊತ್ತಿತ್ತು. ಕನ್ನಡಕವಿಲ್ಲದ ಆ ಕಣ್ಣು ಇಷ್ಟೊಂದು ಮೆತ್ತಗಿರಬಾರದಿತ್ತು ಎಂದು ಅವಳಿಗೆ ಸಿಟ್ಟು.

"ಪ್ರತಿಷ್ಠಾನಕ್ಕೆ ಕೊಡೋ ವರದೀಲಿ ಅಂಕದ ವಿಷ್ಯ ಎಲ್ಲೋ ಒಂದು ಮೂಲೇಲಿ ಹಾಕ್ತೀನಿ. ಯಾರೂ ನೋಡಲ್ಲ."

"ಯಾಕೆ ಅಷ್ಟು ಉಪಕಾರ?"

"ಯಾಕೆ ಅಂತ ನಿಮಗೆ ಗೊತ್ತು, ಲವೋನ್."

ಗೊತ್ತಿತ್ತು. ಆದರೂ ಅವಳು ಬಗ್ಗಲಿಲ್ಲ.

"ನನ್ನ ಮಕ್ಕಳನ್ನ ಮೂಲೇಲಿ ಬಚ್ಚಿಟ್ಟು ನನ್ನ ಪ್ರೀತಿಸೋದು ಬೇಡ. ಅಂಕ ಬಿತ್ತು ಅಂತ ಮೊದಲ ಪುಟದಲ್ಲೇ ಬರೀರಿ. ಯಾಕೆ ಬಿತ್ತು ಅಂತಾನೂ ಬರೀರಿ. ಅಷ್ಟು ಧೈರ್ಯ ಇದ್ರೆ ಮತ್ತೆ ಬನ್ನಿ."

ಅವನು ಮುಂದಿಟ್ಟಿದ್ದ ಕಾಬ್ಲರ್ ಮುಟ್ಟದೆ ಎದ್ದುಹೋದ.

ಎರಡು ವಾರಕ್ಕೆ ಪ್ರತಿಷ್ಠಾನದ ಪತ್ರ ಬಂತು: ಅನುದಾನ ಮುಂದುವರಿಯುವುದಿಲ್ಲ. ಜೊತೆಗೆ ವರದಿಯ ಪ್ರತಿ. ಮೊದಲ ಪುಟದಲ್ಲೇ ಬಿದ್ದ ಅಂಕ, ಅದರ ಕೆಳಗೆ ಆ ನಾಲ್ಕು ಮಕ್ಕಳ ಕಥೆ, ಕೊನೆಗೆ ಒಂದು ಸಾಲು: 'ಈ ಪ್ರಿನ್ಸಿಪಾಲರನ್ನು ನಾನು ಪ್ರೀತಿಸುತ್ತೇನೆ, ಆದ್ದರಿಂದ ತೀರ್ಮಾನವನ್ನು ಬೇರೆಯವರು ಮಾಡಲಿ.'

ಅನುದಾನ ಹೋಗಿತ್ತು. ಆದರೂ ಆ ಸಾಲನ್ನು ಅವಳು ಮೂರು ಸಲ ಓದಿದಳು.

ಸೋಮವಾರ ಬೆಳಗ್ಗೆ ಆಫೀಸಿನ ಬಾಗಿಲಲ್ಲಿ ಕ್ಯಾಲ್ವಿನ್ ನಿಂತಿದ್ದ, ಟೈ ಇಲ್ಲದೆ.

"ಕೆಲಸ ಬಿಟ್ಟೆ. ಮುಂಚೆ ಮೇಷ್ಟ್ರಾಗಿದ್ದೆ, ಓದು ಕಲಿಸೋದು ಮರೆತಿಲ್ಲ."

"ಸಂಬಳ ಕೊಡೋಕಾಗಲ್ಲ."

"ಕಾಬ್ಲರ್ ಕೊಡ್ತೀಯಲ್ಲ."

ಅವಳು ನಗು ತಡೆದುಕೊಂಡು ಕಾಯುವವರ ಪಟ್ಟಿಯನ್ನು ಅವನ ಕೈಗಿಟ್ಟಳು. ಕೈಯನ್ನು ಮಾತ್ರ ಬಿಡಲಿಲ್ಲ.

"ಐದನೇ ಕುರ್ಚಿ ಖಾಲಿ ಆಗಿದೆ. ಮುಂದಿನ ಹೆಸರಿಗೆ ಫೋನ್ ಮಾಡು."