ಮುಖ ತಿರುಗಿಸಿದ ಹಕ್ಕಿ

ಗುಡ್ ಫ್ರೈಡೇ ಹಿಂದಿನ ದಿನ. ಮಸ್ಕಿಯಾಚೆಯ ಹಳೆಯ ಚರ್ಚಿನಲ್ಲಿ ಚಿತ್ರ ಕೊರೆದ ತಾಮ್ರದ ತಗಡಿಗೆ ಶಾಯಿ ತುಂಬಿ, ಒರೆಸಿ, ಮೊದಲ ಹಾಳೆ ಒತ್ತಿದರು. ಚರ್ಚು ನೋಡಿಕೊಳ್ಳುವ ಕನಕಮ್ಮ ಹಾಳೆ ಎತ್ತಿದವಳೇ ಎದೆ ಹಿಡಿದುಕೊಂಡಳು.

“ಅಯ್ಯೋ ಏಸಪ್ಪಾ, ಹಕ್ಕಿ ಮಾರಿ ತಿರುವೇತಿ!”

ತನ್ನ ಎದೆ ತಾನೇ ಕುಕ್ಕಿ ಮರಿಗಳಿಗೆ ನೆತ್ತರು ಉಣಿಸುವ ಹಕ್ಕಿ. ಅಲ್ಲಿನವರಿಗೆ ಅದೇ ಏಸು. ವರ್ಷಕ್ಕೊಮ್ಮೆ ಮನೆಗೊಂದು ಹಾಳೆ. ಯಾವಾಗಲೂ ಬಲಕ್ಕೆ ಬಾಗುತ್ತಿದ್ದ ಕುತ್ತಿಗೆ ಈಗ ಎಡಕ್ಕೆ ಬಾಗಿತ್ತು. ಅಸಲಿ ತಗಡು ಮಾಯವಾಗಿ ನಕಲಿ ಬಂದು ಕೂತಿತ್ತು.

ಕಳೆದ ತಿಂಗಳು ಸವೆದ ಗೆರೆ ತಿದ್ದಿ ಕೊಟ್ಟವನು ಲಿಂಗಸುಗೂರಿನಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಅಲ್ಲಾಭಕ್ಷ್. ಸುದ್ದಿಗೆ ಕಾಲು ಬೇಕೆ? ಎಸ್‌ಐ ಭುವನೇಶ್ವರಿ ಬಜಾರು ಮುಟ್ಟುವಷ್ಟರಲ್ಲಿ ಜನ ಅವನ ಬಲಗೈ ಮುರಿದಿದ್ದರು.

* * *

“ನಾ ಮಾಡಿಲ್ರೀ ಮೇಡಮ್ಮಾರ.” ಆಸ್ಪತ್ರೆಯ ಮಂಚದ ಮೇಲೆ ಅಲ್ಲಾಭಕ್ಷ್ ಎದ್ದು ಕೂರಲು ನೋಡಿದ.

“ಮತ್ಯಾರು ಇಷ್ಟು ಸಣ್ಣ ಗೆರಿ ಕೊರೀತಾರ?”

ಭುವನೇಶ್ವರಿ ಮುಂದೆ ಹಿಡಿದ ನಕಲಿ ತಗಡನ್ನು ಅವನು ಎಡಗೈಯಿಂದ ಸವರಿದ. “ಉಳಿ ಒತ್ತಿದ್ರ ಗೆರಿ ದಪ್ಪ, ಸಡ್ಲ ಬಿಟ್ರ ಸಣ್ಣ. ಇಲ್ಲಿ ಎಲ್ಲಾ ಒಂದಾ ಅಳತಿ. ಮಶೀನ್ ಕೆಲಸರೀ. ಅಸಲಿ ತಗಡಿನ್ಯಾಗ ಹಕ್ಕಿ ಉಲ್ಟಾ ಇರ್ತದ, ಒತ್ತಿದ್ರ ಸೀದಾ ಬರ್ತದ. ಇದನ್ನ ಹಾಳಿ ನೋಡಿ ಸೀದಾ ಮಾಡ್ಯಾರ, ಅದಕ್ಕ ಒತ್ತಿದ್ರ ಉಲ್ಟಾ ಬಂದದ.”

ರೆಕ್ಕೆಯ ಮೇಲೆ ಅವನ ಬೆರಳು ನಿಂತಿತು. “ಈ ಅಡ್ಡಗೆರಿ ಚಿತ್ರದಾಗ ಇಲ್ಲ.”

ಭುವನೇಶ್ವರಿ ಬಗ್ಗಿ ನೋಡಿದಳು. ಕೂದಲಿನಷ್ಟು ತೆಳುವಾದ ನೇರ ಗೆರೆ. ಕಾಗದದ ಮಡಿಕೆ.

* * *

“ಹಾಳಿ ಮಡಚಿ ಇಡೋರು ಯಾರಬೇ ಯವ್ವಾ?” ಚರ್ಚಿಗೆ ಬಂದು ಭುವನೇಶ್ವರಿ ಕೇಳಿದಳು.

“ಎಲ್ಲಾರೂ ಕಟ್ಟು ಹಾಕಿಸಿ ಗೋಡಿಗೆ ಹಾಕ್ತಾರ್ರೀ,” ಎಂದಳು ಕನಕಮ್ಮ. “ಅದನ್ನ ಮಡಚಿದ್ರ ಏಸಪ್ಪನ್ನ ಮಡಚಿದಂಗ. ಬೈಬಲ್‌ನ್ಯಾಗ ಮಡಚಿ ಇಡಾವ ನಮ್ಮ ಸೆಕ್ರೆಟರಿ ಪ್ರಭುದಾಸ ಒಬ್ಬಾನ. ತಗಡು ಲಿಂಗಸುಗೂರಿಂದ ತಂದಾವನೂ ಅವನಾ.”

ಸಿಂಧನೂರಿನಲ್ಲಿ ಪ್ರಭುದಾಸನದು ನೆನಪಿನ ಕಾಣಿಕೆ ತಯಾರಿಸುವ ಅಂಗಡಿ. ಒಳಗೆ ಲೋಹದ ಮೇಲೆ ಚಿತ್ರ ಕೊರೆಯುವ ಮಶೀನು. ಭುವನೇಶ್ವರಿ ಅವನ ಬೈಬಲ್ಲಿನ ಹಾಳೆ ತೆಗೆದು ತಗಡಿನ ಪಕ್ಕ ಹಿಡಿದಳು. ಮಡಿಕೆ ಸರಿಯಾಗಿ ರೆಕ್ಕೆಯ ಮೇಲೆಯೇ ಹಾದುಹೋಗಿತ್ತು.

“ತಗಡಿನ ಹೊಳಪಿಗೆ ಫೋಟೊ ಬರಲಿಲ್ಲ. ಹಾಳಿನಾ ಮಶೀನಿಗೆ ಕೊಟ್ಟಿ. ಅದು ನಿನ್ನ ಮಡಿಕಿನೂ ಕೊರೀತು. ಅಸಲಿ ಎಲ್ಲೈತಿ?”

“ಹೈದರಾಬಾದಿನಾವ ಒಬ್ಬಾವ ರೊಕ್ಕ ಕೊಟ್ಟು ಒಯ್ದಾನ್ರೀ. ಫೋನು ಬಂದ್ ಐತಿ.”

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಭುವನೇಶ್ವರಿಗೆ ಕಳ್ಳ ಸಿಕ್ಕ ಸಂತೋಷವೇ ಆಗಲಿಲ್ಲ.

* * *

ಅಲ್ಲಾಭಕ್ಷನ ಮಣಿಕಟ್ಟು ಇನ್ನು ಮೊದಲಿನಂತೆ ತಿರುಗುವುದಿಲ್ಲ ಎಂದರು ಡಾಕ್ಟರು. ಉಳಿ ಹಿಡಿಯುವ ಮಾತೇ ಇಲ್ಲ.

“ಕಳ್ಳ ಸಿಕ್ಕಾನ,” ಎಂದಳು ಭುವನೇಶ್ವರಿ.

“ಚಲೋ ಆತ್ರೀ. ನನ್ನ ಕೈ ಮುರದಾವ್ರು?”

ಆ ದಿನ ಬಜಾರಿನಲ್ಲಿ ಐವತ್ತು ಜನರಿದ್ದರು. ಅವಳು ಐವತ್ತು ಜನರನ್ನೂ ಕೇಳಿದ್ದಳು. ಯಾರೂ ಏನೂ ಕಂಡಿರಲಿಲ್ಲ.